ಹಳೆಯ ಆಂಪ್ಲಿಫೈಯರ್‌ಗೆ ಹೊಸ ಜೊತೆ: ಮನೆಯಲ್ಲೇ ಕಟ್ಟುವ ಮ್ಯೂಸಿಕ್ ಸ್ಟ್ರೀಮರ್

ಒಳ್ಳೆಯ ಆಂಪ್ಲಿಫೈಯರ್ ಇದೆ, ಜೋಡಿ ಸ್ಪೀಕರ್ ಇದೆ. ಆದರೆ ಹಾಡು ಬರುವುದು ಫೋನಿನಿಂದ, ಬ್ಲೂಟೂತ್ ಮೂಲಕ. ಸಿ.ಡಿ. ಪ್ಲೇಯರ್ ಕೆಟ್ಟು ಕೂತಿದೆ, ಡಿಸ್ಕುಗಳು ಕಪಾಟಿನಲ್ಲಿ ದೂಳು ಹಿಡಿಯುತ್ತಿವೆ. ಎಷ್ಟೋ ಮನೆಗಳ ಸ್ಥಿತಿ ಇದು. ಹೆಸರಾಂತ ಕಂಪನಿಗಳ ಸ್ಟ್ರೀಮರ್ ಕೊಳ್ಳಲು ಹೋದರೆ ಬೆಲೆ ಹತ್ತಾರು ಸಾವಿರ ರೂಪಾಯಿ ದಾಟುತ್ತದೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರು, ಅದರ ತಲೆಯ ಮೇಲೆ ಕೂರುವ ಒಂದು ಡ್ಯಾಕ್ ಬೋರ್ಡು ಮತ್ತು ಪುಕ್ಕಟೆ ತಂತ್ರಾಂಶ ಸೇರಿದರೆ ಅದೇ ಕೆಲಸ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಬೆಸುಗೆ ಹಾಕಬೇಕಿಲ್ಲ, ಪ್ರೋಗ್ರಾಮಿಂಗ್ ಬರಬೇಕಿಲ್ಲ. ಒಂದು ಸ್ಕ್ರೂಡ್ರೈವರ್, ಒಂದು ಬಿಡುವಿನ ಮಧ್ಯಾಹ್ನ ಸಾಕು.

ಒಳಗೆ ನಡೆಯುವುದೇನು?

ಸಿ.ಡಿ.ಯಲ್ಲಿರುವ ಸಂಗೀತವೆಂದರೆ ಅಂಕಿಗಳ ಸಾಲು. ಶಬ್ದದ ಅಲೆಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ ಬರೆದಿರುತ್ತಾರೆ. ಎಡ, ಬಲ ಎರಡೂ ಸೇರಿ ಸೆಕೆಂಡಿಗೆ ಸುಮಾರು 1,411 ಕಿಲೊಬಿಟ್. ಬ್ಲೂಟೂತ್‌ನ ಸಾಮಾನ್ಯ ವಿಧಾನವಾದ ಎಸ್‌ಬಿಸಿ ಸಾಗಿಸುವುದು ಹೆಚ್ಚೆಂದರೆ 328 ಕಿಲೊಬಿಟ್‌ನ ಆಸುಪಾಸು. ಹಾಗಾಗಿ ಅದು ಸಂಗೀತದ ಒಂದಷ್ಟು ವಿವರಗಳನ್ನು ಬಿಟ್ಟೇ ಕಳಿಸಬೇಕಾಗುತ್ತದೆ. ವೈಫೈಗೆ ಈ ಇಕ್ಕಟ್ಟಿಲ್ಲ. ಸಿ.ಡಿ. ಗುಣಮಟ್ಟ ಹಾಗಿರಲಿ, 24 ಬಿಟ್, 96 ಕಿಲೊಹರ್ಟ್ಸ್‌ನ ಧ್ವನಿಮುದ್ರಣಕ್ಕೂ ಸೆಕೆಂಡಿಗೆ 4.6 ಮೆಗಾಬಿಟ್ ಸಾಕು.

ಸ್ಟ್ರೀಮರ್‌ಗೆ ಇರುವುದು ಎರಡೇ ಕೆಲಸ. ಅಂಕಿಗಳನ್ನು ಪೆನ್‌ಡ್ರೈವಿನಿಂದಲೋ ಇಂಟರ್‌ನೆಟ್ಟಿನಿಂದಲೋ ತರುವುದು ಒಂದು, ಅವನ್ನು ಕೆಡಿಸದೆ ಡ್ಯಾಕ್‌ಗೆ ಒಪ್ಪಿಸುವುದು ಇನ್ನೊಂದು. ಡ್ಯಾಕ್ ಎಂಬ ಚಿಪ್ ಆ ಅಂಕಿಗಳಿಂದ ವಿದ್ಯುತ್ ಅಲೆ ರೂಪಿಸಿ ಆಂಪ್ಲಿಫೈಯರ್‌ಗೆ ಕೊಡುತ್ತದೆ. ಅಂಕಿ ಸರಿಯಾಗಿ ತಲುಪಿತೆಂದ ಮೇಲೆ ತಂದುಕೊಟ್ಟ ಕಂಪ್ಯೂಟರಿನ ಬೆಲೆ ಎಷ್ಟಾದರೇನು? ಗುಣಮಟ್ಟ ತೀರ್ಮಾನವಾಗುವುದು ಅಂಕಿ ಅಲೆಯಾಗುವ ಜಾಗದಲ್ಲಿ. ದುಡ್ಡು ಹಾಕಬೇಕಾದದ್ದೂ ಅಲ್ಲಿಂದ ಮುಂದಕ್ಕೆ.

ಬೇಕಾದ ಸಾಮಾನು

ರಾಸ್ಪ್‌ಬೆರಿ ಪೈ 4ರಲ್ಲಿ ಅತಿ ಕಡಿಮೆ ಮೆಮೊರಿಯದ್ದೇ ಸಾಕು. ಮನೆಯಲ್ಲಿ ಹಳೆಯ ಪೈ 3 ಇದ್ದರೆ ಅದೂ ನಡೆಯುತ್ತದೆ. ಪೈ 5 ಈ ಕೆಲಸಕ್ಕೆ ಅತಿಯಾಯಿತು: ಹೆಚ್ಚು ಬಿಸಿಯಾಗುತ್ತದೆ, ಅದಕ್ಕೆಂದು ಫ್ಯಾನ್ ಹಾಕಿದರೆ ಆಲಾಪದ ನಡುವೆ ಅದರದೇ ಗೊರಗೊರ ಕೇಳಿಸುತ್ತದೆ. ಕೊಳ್ಳಲು ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಿದೆ, ಉಳಿದವರಿಗೆ ಆನ್‌ಲೈನ್ ಅಂಗಡಿಗಳಿವೆ.

ಜೊತೆಗೆ 16 ಜಿಬಿಯ ಒಂದು ಮೈಕ್ರೊ ಎಸ್‌ಡಿ ಕಾರ್ಡ್, ಆಂಪ್ಲಿಫೈಯರ್‌ಗೆ ಹೋಗುವ ಆರ್‌ಸಿಎ ಕೇಬಲ್, ಮತ್ತು ಪೈಗೆಂದೇ ಮಾಡಿದ 5 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಬೇಕು. ಅಡಾಪ್ಟರ್ ವಿಷಯದಲ್ಲಿ ಜಿಪುಣತನ ಬೇಡ. ಫೋನಿನ ಚಾರ್ಜರ್, ತೆಳು ಕೇಬಲ್ ಬಳಸಿದರೆ ವೋಲ್ಟೇಜ್ ಕುಸಿಯುತ್ತದೆ. 4.63 ವೋಲ್ಟ್‌ಗಿಂತ ಕೆಳಗಿಳಿದರೆ ಪೈ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ, ಹಾಡು ತಡವರಿಸುತ್ತದೆ. ಇವನ್ನು ಕೂರಿಸುವ ಡಬ್ಬಿ ಪೂರ್ತಿ ಲೋಹದ್ದಾದರೆ ವೈಫೈ ಸೊರಗುತ್ತದೆ. ಪ್ಲಾಸ್ಟಿಕ್ ಅಥವಾ ಮರದ್ದು ಒಳ್ಳೆಯದು.

ಡ್ಯಾಕ್ ಆಯ್ಕೆ

ಪೈ 4ರಲ್ಲಿ ಹೆಡ್‌ಫೋನ್ ಜಾಕ್ ಇದೆಯಲ್ಲ, ಅದೇ ಸಾಲದೇ? ಸಾಲದು. ಅದರ ಹಿಂದೆ ನಿಜವಾದ ಡ್ಯಾಕ್ ಚಿಪ್ ಇಲ್ಲ. ವಿದ್ಯುತ್ ಮಿಡಿತಗಳ ಅಗಲವನ್ನು ಹೆಚ್ಚು-ಕಡಿಮೆ ಮಾಡಿ ಶಬ್ದ ಹೊರಡಿಸುವ ಅಗ್ಗದ ವಿಧಾನವಿದೆ. ಸುದ್ದಿ ಕೇಳಲು ಅಡ್ಡಿಯಿಲ್ಲ. ತಂಬೂರಿಯ ನಾದ ಸಣ್ಣದಾಗುತ್ತಾ ಹೋಗುವಾಗ ಮಾತ್ರ ಅದು ಹಿಸ್ಸ್ ಸದ್ದಿನಲ್ಲಿ ಮುಳುಗುತ್ತದೆ. ಪೈ 5ರಲ್ಲಿ ಆ ಜಾಕನ್ನೇ ತೆಗೆದುಹಾಕಿದ್ದಾರೆ.

ಇದಕ್ಕೆ ಪರಿಹಾರ ಪೈನ 40 ಪಿನ್‌ಗಳ ಮೇಲೆ ಕೂರುವ ಡ್ಯಾಕ್ ಬೋರ್ಡು. ರಾಸ್ಪ್‌ಬೆರಿ ಪೈ ಕಂಪನಿಯದೇ ಡ್ಯಾಕ್ ಪ್ಲಸ್, ಸ್ವಿಟ್ಜರ್‌ಲೆಂಡ್‌ನ ಹೈಫೈಬೆರಿಯ ಬೋರ್ಡುಗಳು ಹೆಸರಾದವು. ಡ್ಯಾಕ್ ಪ್ಲಸ್‌ನಲ್ಲಿರುವುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಪಿಸಿಎಂ5122 ಚಿಪ್. ಅದು 24 ಬಿಟ್, 192 ಕಿಲೊಹರ್ಟ್ಸ್‌ವರೆಗಿನ ಸಂಗೀತ ನುಡಿಸುತ್ತದೆ. ಹೊರಗೆ ಬರುವುದು ಸುಮಾರು 2 ವೋಲ್ಟ್, ಅಂದರೆ ಸಿ.ಡಿ. ಪ್ಲೇಯರ್ ಕೊಡುವಷ್ಟೇ. ಪೈ ಮತ್ತು ಚಿಪ್‌ನ ನಡುವಿನ ಮಾತುಕತೆ ನಡೆಯುವುದು ಐ2ಎಸ್ ತಂತಿಗಳಲ್ಲಿ. ಫಿಲಿಪ್ಸ್ ಕಂಪನಿ 1986ರಲ್ಲಿ ರೂಪಿಸಿದ ಪದ್ಧತಿ ಇದು.

ದುಬಾರಿ ಬೋರ್ಡುಗಳಲ್ಲಿ ಹೆಚ್ಚಿಗೆ ಏನಿರುತ್ತದೆ? ಮುಖ್ಯವಾಗಿ ಗಡಿಯಾರ. ಅಂಕಿ ಸರಿಯಿದ್ದರಷ್ಟೇ ಸಾಲದು, ಒಂದೊಂದೂ ಸರಿಯಾದ ಗಳಿಗೆಗೆ ಬರಬೇಕು. ಸ್ವರ ಸರಿಯಿದ್ದು ತಾಳ ಜಾರಿದ ಹಾಗೆ, ಗಡಿಯಾರ ತುಯ್ದರೆ ಅಲೆಯ ಆಕಾರ ತುಸು ಕೆಡುತ್ತದೆ. ಇದನ್ನು ಜಿಟರ್ ಎನ್ನುತ್ತಾರೆ. ಪೈ 4ರ ಗಡಿಯಾರದ ಹರಳು 54 ಮೆಗಾಹರ್ಟ್ಸ್‌ನದು. ಅದನ್ನು ಭಾಗಿಸಿ ಸಿ.ಡಿ.ಗೆ ಬೇಕಾದ 44.1 ಕಿಲೊಹರ್ಟ್ಸ್ ಪಡೆಯಹೊರಟರೆ ಶೇಷ ಉಳಿಯುತ್ತದೆ. ಹೈಫೈಬೆರಿ ಡ್ಯಾಕ್2 ಪ್ರೊನಂಥ ಬೋರ್ಡುಗಳಲ್ಲಿ ಸಂಗೀತಕ್ಕೆಂದೇ ಎರಡು ಗಡಿಯಾರಗಳಿವೆ. ಇಂಥಲ್ಲಿ ಬಳಸುವ ರೂಢಿಯ ವೇಗಗಳು 22.5792 ಮತ್ತು 24.576 ಮೆಗಾಹರ್ಟ್ಸ್. ಮೊದಲನೆಯದನ್ನು 512ರಿಂದ ಭಾಗಿಸಿದರೆ ನಿಖರವಾಗಿ 44.1 ಕಿಲೊಹರ್ಟ್ಸ್, ಎರಡನೆಯದನ್ನು ಭಾಗಿಸಿದರೆ 48. ಸ್ಪೀಕರ್ ಉತ್ತಮ ದರ್ಜೆಯದಾದರೆ ಇಂಥ ಬೋರ್ಡು ಆರಿಸಿ. ಸಾಧಾರಣದ್ದಾದರೆ ಅಗ್ಗದ ಬೋರ್ಡು ಕೊಂಡು, ಉಳಿದ ಹಣವನ್ನು ಸ್ಪೀಕರ್‌ಗೆ ಎತ್ತಿಡಿ.

ಮನೆಯಲ್ಲಿ ಯುಎಸ್‌ಬಿ ಡ್ಯಾಕ್ ಇದ್ದರೆ ಬೋರ್ಡು ಬೇಕಿಲ್ಲ, ಅದನ್ನೇ ಪೈಗೆ ಚುಚ್ಚಬಹುದು.

ಜೋಡಣೆ

ವಿದ್ಯುತ್ ಸಂಪರ್ಕವಿಲ್ಲದಾಗಲೇ ಕೆಲಸ ಮಾಡಿ. ಪೈನ ನಾಲ್ಕು ಮೂಲೆಗೆ ಪುಟ್ಟ ಕಂಬಗಳನ್ನು ಸ್ಕ್ರೂ ಮಾಡಿ, ಡ್ಯಾಕ್ ಬೋರ್ಡಿನ ರಂಧ್ರಗಳನ್ನು 40 ಪಿನ್‌ಗಳ ಮೇಲೆ ಸರಿಯಾಗಿ ಕೂರಿಸಿ ಸಮನಾಗಿ ಒತ್ತಿ. ಒಂದು ಸಾಲು ಆಚೀಚೆಯಾಗಿ ಕೂತರೆ ಬೋರ್ಡು ಸುಡಬಹುದು. ಎರಡು ಸಲ ನೋಡಿಕೊಳ್ಳಿ.

ತಂತ್ರಾಂಶ

ಪುಕ್ಕಟೆ ಸಿಗುವ ಮೂರು ಹೆಸರಾದವು. ಇಟಲಿಯ ವೊಲ್ಯೂಮಿಯೊ ಹೊಸಬರಿಗೆ ಸುಲಭ. ಕೆಲವು ಸೌಲಭ್ಯಗಳಿಗೆ ಮಾತ್ರ ಚಂದಾ ಕೇಳುತ್ತದೆ. ಮೂಡ್ ಪೂರ್ತಿ ಉಚಿತ, ಸೆಟ್ಟಿಂಗ್ ಕೆದಕುವವರಿಗೆ ಹಬ್ಬ. ಪೈಕೋರ್‌ಪ್ಲೇಯರ್ ಶುರುವಾದ ಮೇಲೆ ಪೂರ್ತಿ ರ‍್ಯಾಮ್‌ನಲ್ಲೇ ಓಡುತ್ತದೆ. ಹೇಳದೆ ಕೇಳದೆ ಕರೆಂಟು ಹೋಗುವ ಊರುಗಳಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ಉಳಿದವುಗಳಲ್ಲಿ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಮೆಮೊರಿ ಕಾರ್ಡಿನಲ್ಲಿರುವುದು ಕೆಡುವ ಸಂಭವವಿದೆ. ಅವನ್ನು ಹಾಕಿದವರು ಮೆನುವಿನಲ್ಲಿ ಶಟ್‌ಡೌನ್ ಒತ್ತಿದ ಮೇಲೆಯೇ ಸ್ವಿಚ್ ಆರಿಸಬೇಕು.

ಆರಿಸಿದ ತಂತ್ರಾಂಶದ ಕಡತವನ್ನು ಇಳಿಸಿಕೊಂಡು, ರಾಸ್ಪ್‌ಬೆರಿ ಪೈ ಇಮೇಜರ್‌ನಿಂದ ಕಾರ್ಡಿಗೆ ಬರೆದು, ಪೈಗೆ ಹಾಕಿ ಆನ್ ಮಾಡಿ. ವೊಲ್ಯೂಮಿಯೊ ಮೊದಲ ಸಲ ತನ್ನದೇ ಹಾಟ್‌ಸ್ಪಾಟ್ ತೆರೆಯುತ್ತದೆ. ಫೋನನ್ನು ಅದಕ್ಕೆ ಜೋಡಿಸಿ, ಬ್ರೌಸರ್‌ನಲ್ಲಿ ಮನೆಯ ವೈಫೈ ಪಾಸ್‌ವರ್ಡ್ ಕೊಟ್ಟು, ಪಟ್ಟಿಯಿಂದ ನಿಮ್ಮ ಡ್ಯಾಕ್ ಬೋರ್ಡಿನ ಹೆಸರು ಆರಿಸಿದರೆ ಅಲ್ಲಿಗೆ ಸ್ಟ್ರೀಮರ್ ಸಿದ್ಧ. ಮುಂದೆ ಫೋನೇ ರಿಮೋಟ್.

ಕೆಡಿಸದ ಸೆಟ್ಟಿಂಗ್

ರೀಸ್ಯಾಂಪ್ಲಿಂಗ್, ವಾಲ್ಯೂಮ್ ನಾರ್ಮಲೈಸೇಷನ್ ಎರಡನ್ನೂ ಆಫ್ ಮಾಡಿ. ವಾಲ್ಯೂಮನ್ನು ಆಂಪ್ಲಿಫೈಯರ್‌ನಲ್ಲೇ ತಿರುಗಿಸುವುದಾದರೆ ಮಿಕ್ಸರ್ ಆಯ್ಕೆಯನ್ನು 'ನನ್' ಮಾಡಿ. ಆಗ ಡ್ಯಾಕ್‌ನಿಂದ ಸದಾ ಪೂರ್ತಿ 2 ವೋಲ್ಟ್ ಬರುತ್ತದೆ. ಆದ್ದರಿಂದ ಮೊದಲ ಹಾಡಿಗೆ ಮುಂಚೆ ಆಂಪ್ಲಿಫೈಯರ್‌ನ ಗುಂಡಿ ಸೊನ್ನೆಯಲ್ಲಿರಲಿ, ಇಲ್ಲದಿದ್ದರೆ ಸ್ಪೀಕರ್‌ಗೆ ಅಪಾಯ. ಫೋನಿನಿಂದಲೇ ವಾಲ್ಯೂಮ್ ಬೇಕೆಂದರೆ 'ಹಾರ್ಡ್‌ವೇರ್' ಆರಿಸಿ. ಪ್ರತಿ 6 ಡೆಸಿಬೆಲ್ ಇಳಿಸಿದಾಗ ಒಂದು ಬಿಟ್‌ನಷ್ಟು ಸೂಕ್ಷ್ಮತೆ ಹೋಗುತ್ತದೆ, ನಿಜ. ಆದರೆ 16 ಬಿಟ್‌ನ ಸಂಗೀತವನ್ನು 24 ಬಿಟ್ ಡ್ಯಾಕ್ ನುಡಿಸುವಾಗ ಇನ್ನೂ 8 ಬಿಟ್ ಜಾಗ ಇರುವುದರಿಂದ, ಸ್ವಲ್ಪ ಇಳಿಸಿದರೆ ಕಿವಿಗೆ ನಷ್ಟ ತಿಳಿಯದು.

ಸಂಗ್ರಹ

ನಿಮ್ಮ ಸಿ.ಡಿ.ಗಳನ್ನು ಎಕ್ಸಾಕ್ಟ್ ಆಡಿಯೊ ಕಾಪಿಯಂಥ ತಂತ್ರಾಂಶದಿಂದ ಫ್ಲ್ಯಾಕ್ ರೂಪಕ್ಕೆ ಇಳಿಸಿಕೊಳ್ಳಿ. 2001ರಲ್ಲಿ ಬಂದ ಈ ರೂಪ ಕಡತವನ್ನು ಸುಮಾರು ಅರ್ಧದಿಂದ ಮೂರನೇ ಎರಡರಷ್ಟಕ್ಕೆ ಕುಗ್ಗಿಸಿದರೂ ಒಂದು ಬಿಟ್ಟೂ ಕಳೆಯುವುದಿಲ್ಲ. ಒಂದು ಗಂಟೆಯ ಡಿಸ್ಕಿಗೆ 350 ಮೆಗಾಬೈಟ್ ಹಿಡಿದರೆ, 128 ಜಿಬಿ ಪೆನ್‌ಡ್ರೈವಿನಲ್ಲಿ 300ಕ್ಕೂ ಹೆಚ್ಚು ಡಿಸ್ಕುಗಳು ಹಿಡಿಯುತ್ತವೆ. ಎಂಪಿ3ಯನ್ನು ಫ್ಲ್ಯಾಕ್ ಮಾಡಿ ಪ್ರಯೋಜನವಿಲ್ಲ. ಒಮ್ಮೆ ಕಳೆದ ವಿವರ ಮರಳಿ ಬರುವುದಿಲ್ಲ. ಕಛೇರಿಯ ಡಿಸ್ಕುಗಳಲ್ಲಿ ಆಲಾಪನೆ, ಕೃತಿ, ತನಿ ಬೇರೆ ಬೇರೆ ಟ್ರ್ಯಾಕ್‌ಗಳಾಗಿದ್ದರೂ ಸಂಗೀತ ಒಂದೇ ಹರಿವು. ಕ್ರಾಸ್‌ಫೇಡ್ ಆಫ್ ಮಾಡಿ, ಕಡತಗಳ ಕ್ರಮಸಂಖ್ಯೆ ಸರಿಪಡಿಸಿದರೆ ನಡುವೆ ತುಂಡಾಗುವುದಿಲ್ಲ. ರಾಗ, ವಾಗ್ಗೇಯಕಾರರ ಹೆಸರನ್ನು ಇಳಿಸುವಾಗಲೇ ತುಂಬಿದರೆ ನಾಳೆ 'ತೋಡಿ' ಎಂದು ಹುಡುಕಿದರೆ ಸಿಗುತ್ತದೆ.

ತಕರಾರು ಬಂದರೆ

ಸ್ಪೀಕರ್‌ನಲ್ಲಿ ಗುಂಯ್ ಎಂಬ ಸದ್ದಿದ್ದರೆ ಪೈ ಮತ್ತು ಆಂಪ್ಲಿಫೈಯರ್ ಎರಡನ್ನೂ ಒಂದೇ ಪ್ಲಗ್ ಬೋರ್ಡಿಗೆ ಹಾಕಿ, ಮನೆಯ ಅರ್ಥಿಂಗ್ ಪರೀಕ್ಷಿಸಿ. ಹಾಡು ನಿಂತುನಿಂತು ಬಂದರೆ ಮೊದಲು ಅಡಾಪ್ಟರ್ ನೋಡಿ, ಆಮೇಲೆ ರೂಟರಿನಿಂದ ನೇರ ಕೇಬಲ್ ಎಳೆದು ನೋಡಿ. ಶಬ್ದವೇ ಇಲ್ಲದಿದ್ದರೆ ಬಹುಪಾಲು ಡ್ಯಾಕ್ ಬೋರ್ಡಿನ ಹೆಸರನ್ನು ತಪ್ಪಾಗಿ ಆರಿಸಿರುತ್ತೇವೆ.

ಇಷ್ಟಾದ ಮೇಲೆ ದುಬಾರಿ ಯುಎಸ್‌ಬಿ ಕೇಬಲ್, ಚಿನ್ನದ ಲೇಪದ ನೆಟ್‌ವರ್ಕ್ ಕೇಬಲ್ ಮಾರುವವರು ಎದುರಾಗುತ್ತಾರೆ. ಅಂಕಿ ಸಾಗಿಸುವ ತಂತಿಗೆ ಚಿನ್ನ ಬೇಡ. ಆ ಹಣದಲ್ಲಿ ಸ್ಪೀಕರ್‌ಗೆ ಒಳ್ಳೆಯ ಸ್ಟ್ಯಾಂಡ್ ಕೊಳ್ಳಿ, ಕೋಣೆಗೆ ದಪ್ಪ ಪರದೆ ಹಾಕಿಸಿ, ಮಿಕ್ಕಿದ್ದಕ್ಕೆ ಹೊಸ ಸಂಗೀತ ತನ್ನಿ. ಕಿವಿಗೆ ಗೊತ್ತಾಗುವ ವ್ಯತ್ಯಾಸ ಬರುವುದು ಅಲ್ಲಿಂದಲೇ.