ಎತ್ತಿಕೊಂಡು ಹೋಗಲಾಗದ ಮೈಲಿಗಲ್ಲು

ಇಟಲಿಯ ಅವೋಸ್ಟಾ ಕಣಿವೆಯಲ್ಲಿ ಬಾರ್ಡ್ ಕೋಟೆ ದಾಟಿ ಕೆಳಗಿಳಿದರೆ ಡೊನ್ನಾಸ್ ಎಂಬ ಸಣ್ಣ ಊರು ಸಿಗುತ್ತದೆ. ಕ್ಯಾಂಟರ್ಬರಿಯಿಂದ ರೋಮ್‌ಗೆ ಹೋಗುವ ಹಳೆಯ ಯಾತ್ರಾಮಾರ್ಗ 'ವಿಯಾ ಫ್ರಾಂಚಿಜೆನಾ' ಇಲ್ಲಿ ರೋಮನ್ನರ ರಸ್ತೆಯ ಮೇಲೇ ಸಾಗುತ್ತದೆ. ಚಾರಣಿಗರು ಬಂಡೆಯಲ್ಲೇ ಕೊರೆದ ಕಮಾನಿನ ಕೆಳಗೆ ಫೋಟೋ ತೆಗೆಸಿಕೊಂಡು ಮುಂದೆ ಹೋಗ್ತಾರೆ. ನಾನು ಮಾತ್ರ ಅಲ್ಲಿನ ಮೈಲಿಗಲ್ಲಿನ ಮುಂದೆ ನಿಂತುಬಿಟ್ಟೆ.

ಅದರ ಮೇಲಿರುವುದು ಮೂರು 'ಎಕ್ಸ್', ಒಂದು 'ವಿ', ಒಂದು 'ಐ'. ಅಂದರೆ 36. ಆಗಸ್ಟಾ ಪ್ರೆಟೋರಿಯಾದಿಂದ, ಅಂದರೆ ಇಂದಿನ ಅವೋಸ್ಟಾದಿಂದ, 36 ರೋಮನ್ ಮೈಲಿ. ಮೈಲಿಗೆ ಸುಮಾರು 1.48 ಕಿ.ಮೀ. ಹಿಡಿದರೆ 53 ಕಿ.ಮೀ. ಆಯ್ತು. ಶಾಸನ ಅಷ್ಟೇ!

ಆದರೆ ಇದು ತಂದು ನೆಟ್ಟ ಕಲ್ಲಲ್ಲ. ರಸ್ತೆಗಾಗಿ ಸುಮಾರು 220 ಮೀಟರ್ ಬಂಡೆ ಕಡಿಯುವಾಗ ಈ ಕಂಬದಷ್ಟು ಭಾಗವನ್ನು ಕಡಿಯದೆ ಉಳಿಸಿದ್ದಾರೆ. ಎಂಜಿನಿಯರ್ ಕಣ್ಣಿಗೆ ಇದು ಅಂಕಿಗಿಂತ ದೊಡ್ಡ ಮಾಹಿತಿ. 36ನೇ ಮೈಲಿ ಎಲ್ಲಿ ಬೀಳುತ್ತೆ ಅಂತ ಉಳಿ ಹಿಡಿಯುವ ಮೊದಲೇ ಗೊತ್ತಿರಬೇಕು. ಅಳತೆ ಮೊದಲು, ಕಡಿತ ಆಮೇಲೆ ಎಂಬುದು ನನ್ನ ಊಹೆ.

ವಿಯಾ ಆಪ್ಪಿಯಾದ ಮೊದಲ ಮೈಲಿಗಲ್ಲಿಗೆ ಈ ಅದೃಷ್ಟ ಇರಲಿಲ್ಲ. 1584ರಲ್ಲಿ ಸಿಕ್ಕಿದ ಆ ಕಲ್ಲು ಈಗ ರೋಮ್‌ನ ಕ್ಯಾಪಿಟೊಲಿನ್ ಬೆಟ್ಟದ ಕಟಾಂಜನದ ಮೇಲಿದೆ, ಮೂಲ ಜಾಗದಲ್ಲಿ ಇರುವುದು ನಕಲು. ಬೆಟ್ಟದ ಮೇಲೆ ನಿಂತು 'ಒಂದು' ಅಂತ ಓದಿದರೆ, ಎಲ್ಲಿಂದ ಒಂದು?

ಡೊನ್ನಾಸ್‌ಗೆ ಹೋದರೆ ಕಾಲ ಕೆಳಗಿನ ಗಾಡಿಚಕ್ರದ ಗೀರುಗಳನ್ನೂ ನೋಡಿ. ಅಂಕಿಗೆ ಸೀಮೆಸುಣ್ಣ ಮಾತ್ರ ಬಳೀಬೇಡಿ. ಬದಿಯಿಂದ ಟಾರ್ಚ್ ಹಿಡಿದರೆ ಸಾಕು, ಓದಬಹುದು.