ವೈದ್ಯ ವಿದ್ಯಾಭ್ಯಾಸ: ಮಿಯಾಪುರದ ಕನ್ನಡ ಮನೆಗಳ ಮುಂದಿರುವ ಆಯ್ಕೆ

ಹೈದರಾಬಾದಿನ ಪಶ್ಚಿಮದ ಅಂಚಿನಲ್ಲಿರುವ ಮಿಯಾಪುರವನ್ನು ಹಾಯ್ದು ಹೋಗುವ ಮುಂಬಯಿ ಹೆದ್ದಾರಿಯು ಜಹೀರಾಬಾದನ್ನು ದಾಟಿ ಹುಮನಾಬಾದನ್ನು ಮುಟ್ಟುತ್ತದೆ. ಬೀದರ, ಕಲಬುರ್ಗಿಗಳಿಂದ ಉದ್ಯೋಗವನ್ನರಸಿ ಬಂದವರಿಗೆ ಇದು ತವರಿನ ದಾರಿ. ಮಕ್ಕಳನ್ನು ಡಾಕ್ಟರರನ್ನಾಗಿ ಮಾಡಬೇಕೆಂಬ ಹಂಬಲವೂ ಆ ನಾಡಿನವರಿಗೆ ಹೊಸದಲ್ಲ. 1956ರವರೆಗೆ ಆ ಜಿಲ್ಲೆಗಳು ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. 1846ರಲ್ಲಿ ಆರಂಭವಾದ ವೈದ್ಯಶಾಲೆಯಿಂದ ಬೆಳೆದ ಉಸ್ಮಾನಿಯಾ ವೈದ್ಯಕೀಯ ಕಾಲೇಜು ಅಲ್ಲಿಯ ವಿದ್ಯಾರ್ಥಿಗೆ ತನ್ನ ರಾಜಧಾನಿಯ ಕಾಲೇಜಾಗಿತ್ತು. ಇಂದು ಅದೇ ಕಾಲೇಜಿನ ರಾಜ್ಯ ಕೋಟಾದ ಸೀಟನ್ನು ಬಯಸುವವನು ಒಂಬತ್ತನೆಯ ತರಗತಿಯಿಂದ ಎಲ್ಲಿ ಓದಿದನೆಂಬುದಕ್ಕೆ ಲೆಕ್ಕ ಕೊಡಬೇಕು.

ಅಮೆರಿಕದಲ್ಲಿ ವೈದ್ಯ ಶಿಕ್ಷಣವು ಪದವಿಯ ನಂತರದ ಮಾತು. ಇತಿಹಾಸವನ್ನು ಮುಖ್ಯ ವಿಷಯವಾಗಿ ಓದಿದವನೂ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರಗಳ ನಿಗದಿತ ಪಾಠಗಳನ್ನು ಪೂರೈಸಿ ಅರ್ಜಿ ಸಲ್ಲಿಸಬಹುದು. ಇಲ್ಲಿಯಾದರೋ ಹದಿನೈದರ ಹರೆಯದಲ್ಲೇ ಕವಲು ಒಡೆಯುತ್ತದೆ. ಕರ್ನಾಟಕದ ಪಿ.ಯು.ಸಿ.ಯಲ್ಲಿ ಗಣಿತ, ಜೀವಶಾಸ್ತ್ರಗಳೆರಡನ್ನೂ ಉಳಿಸಿಕೊಳ್ಳುವ ಪಿಸಿಎಂಬಿ ಇದೆ. ಅದಕ್ಕೆ ಒಗ್ಗಿದ ತಂದೆತಾಯಿಗಳು ತೆಲಂಗಾಣದ ಇಂಟರ್‌ಮೀಡಿಯೆಟ್‌ಗೆ ಬಂದಾಗ ತಬ್ಬಿಬ್ಬಾಗುತ್ತಾರೆ. ರೂಢಿಯಲ್ಲಿ ಇಲ್ಲಿರುವುದು ಎರಡು ದಾರಿ: ಗಣಿತವುಳ್ಳ ಎಂಪಿಸಿ, ಇಲ್ಲವೇ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳುಳ್ಳ ಬೈಪಿಸಿ. ಎರಡನ್ನೂ ಬಯಸುವವರು ಅಂಥ ಸೌಲಭ್ಯವುಳ್ಳ ಸಿ.ಬಿ.ಎಸ್.ಇ. ಶಾಲೆಯನ್ನು ಹುಡುಕಬೇಕಾಗುತ್ತದೆ. ಎಂಪಿಸಿ ಓದಿ ಮನಸ್ಸು ಬದಲಾದವರಿಗೆ ಬಾಗಿಲು ಪೂರ್ಣ ಮುಚ್ಚಿಲ್ಲ. ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರನ್ನೂ ಅರ್ಹರೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ನವೆಂಬರಿನಲ್ಲಿ ಪ್ರಕಟಿಸಿತು. ಆದರೆ ಅದು ಸುತ್ತುದಾರಿ.

ಬೈಪಿಸಿ ಆರಿಸಿದೊಡನೆ ಗಣಿತದ ಕಾಟ ತಪ್ಪಿತೆಂದು ಹಿಗ್ಗುವ ಮಕ್ಕಳುಂಟು. ಅದು ಭ್ರಮೆ. 2025ರ ನೀಟ್ ಪರೀಕ್ಷೆಯ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು, 45 ರಸಾಯನಶಾಸ್ತ್ರದವು, 45 ಭೌತಶಾಸ್ತ್ರದವು. ಜೀವಶಾಸ್ತ್ರದಲ್ಲಿ ಶ್ರದ್ಧೆಯಿಂದ ಓದಿದ ಹಲವರು ಹೆಚ್ಚುಕಡಿಮೆ ಸರಿಸಮನಾಗಿ ನಿಲ್ಲುತ್ತಾರೆ; ಅವರನ್ನು ಬೇರ್ಪಡಿಸುವುದು ಬಹುಮಟ್ಟಿಗೆ ಭೌತಶಾಸ್ತ್ರ. ತ್ರಿಕೋನಮಿತಿ, ಲಾಗರಿದಮ್, ಕಲನಶಾಸ್ತ್ರದ ಮೊದಲ ಪಾಠಗಳಿಲ್ಲದೆ ಅದರ ಲೆಕ್ಕಗಳು ಬಿಡಿಸಲಾಗವು. ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುವುದರಿಂದ ಊಹೆಯೂ ದುಬಾರಿ. ಹತ್ತನೆಯ ತರಗತಿ ಮುಗಿದ ಬೇಸಗೆಯಲ್ಲೇ ಈ ಗಣಿತವನ್ನು ಕಲಿತಿಡುವುದು ಲೇಸು.

ಇದಕ್ಕಿಂತ ಗಂಭೀರವಾದುದು ಊರಿನ ಆಯ್ಕೆ. ಇಲ್ಲೇ ಹತ್ತನೆಯ ತರಗತಿ ಮುಗಿಸಿದ ಮಗುವನ್ನು, ಪಿ.ಯು.ಸಿ. ಚೆನ್ನಾಗಿರುತ್ತದೆಂದು, ಕರ್ನಾಟಕದ ಹಾಸ್ಟೆಲ್ಲಿಗೆ ಸೇರಿಸುವವರಿದ್ದಾರೆ. 2024ರ ಜುಲೈನಲ್ಲಿ ತೆಲಂಗಾಣವು ತಿದ್ದಿದ ನಿಯಮದಂತೆ, ಸ್ಥಳೀಯ ಅಭ್ಯರ್ಥಿಯಾಗಲು ಹನ್ನೆರಡನೆಯ ತರಗತಿಗೆ ಮುಗಿಯುವ 4 ವರ್ಷಗಳ ಸತತ ವ್ಯಾಸಂಗ ರಾಜ್ಯದಲ್ಲೇ ನಡೆದಿರಬೇಕು. 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಅತ್ತ ಕರ್ನಾಟಕದ ಸಾಮಾನ್ಯ ನಿಯಮವು ಒಂದರಿಂದ ಹನ್ನೆರಡನೆಯ ತರಗತಿಯೊಳಗೆ ಕನಿಷ್ಠ 7 ವರ್ಷ ಅಲ್ಲಿ ಓದಿರಬೇಕೆನ್ನುತ್ತದೆ. ಎರಡು ವರ್ಷಗಳ ಪಿ.ಯು.ಸಿ.ಗಾಗಿ ಹೋದ ಮಗು ಹೀಗೆ ಇಲ್ಲಿಯ ಹಕ್ಕನ್ನು ಕಳೆದುಕೊಂಡು ಅಲ್ಲಿಯದನ್ನು ಗಳಿಸದೆ ನಡುವೆ ನಿಲ್ಲಬಹುದು. ಅಖಿಲ ಭಾರತ ಕೋಟಾದ ಶೇಕಡಾ 15 ಸೀಟುಗಳಿಗೆ ಈ ತೊಡಕಿಲ್ಲವಾದರೂ ಅಲ್ಲಿ ಸ್ಪರ್ಧೆ ದೇಶದೊಡನೆ. ಎರಡೂ ರಾಜ್ಯಗಳಲ್ಲಿ ಕೆಲವು ವರ್ಗಗಳಿಗೆ ವಿನಾಯಿತಿಗಳುಂಟು. ಖಾಸಗಿ ಕಂಪನಿಯ ನೌಕರರು ಅವನ್ನೇ ನೆಚ್ಚಿ ಕೂರುವಂತಿಲ್ಲ.

ಬೈಪಿಸಿ ಓದಿದವರಿಗೆ ಎಂ.ಬಿ.ಬಿ.ಎಸ್. ಒಂದೇ ಗತಿಯೂ ಅಲ್ಲ. ಫಾರ್ಮಸಿ, ಕೃಷಿ, ನರ್ಸಿಂಗ್, ಫಿಸಿಯೋಥೆರಪಿಗಳಿವೆ. ಇದನ್ನು ಮಗುವಿಗೆ ಪರೀಕ್ಷೆಯ ಮೊದಲೇ ಹೇಳುವ ಮನೆಗಳು ಕಡಿಮೆ. ಫಲಿತಾಂಶ ಬಂದ ಮೇಲೆ ಹೇಳಿದರೆ ಅದು ಸಮಾಧಾನದ ಮಾತಾಗಿ ಕೇಳಿಸುತ್ತದೆ.

ಸದ್ಯಕ್ಕೆ, ಎಂಟನೆಯ ತರಗತಿಯಲ್ಲಿ ಮಕ್ಕಳಿರುವವರು ಎರಡೂ ರಾಜ್ಯಗಳ ಆ ವರ್ಷದ ಪ್ರವೇಶ ನಿಯಮಗಳನ್ನು ತರಿಸಿ ಓದಿಕೊಳ್ಳಲಿ. ಒಂಬತ್ತರಿಂದ ಹನ್ನೆರಡರವರೆಗೆ ಪ್ರತಿವರ್ಷದ ವ್ಯಾಸಂಗ ಪ್ರಮಾಣಪತ್ರವನ್ನು ಆಯಾ ವರ್ಷವೇ ಪಡೆದು ಕಪಾಟಿನಲ್ಲಿ ಜೋಪಾನವಾಗಿಡಲಿ.