ಟಾಲಿತ್ತೂ ಮಾರಾಟ ತೆರಿಗೆಯೂ

ಯೆಹೂದ್ಯರು ಪ್ರಾರ್ಥನೆಯ ಕಾಲದಲ್ಲಿ ಹೊದೆಯುವ ಉತ್ತರೀಯಕ್ಕೆ ಟಾಲಿತ್ ಎಂದು ಹೆಸರು. ಅದರ ನಾಲ್ಕು ಮೂಲೆಗಳಿಗೂ ಗೊಂಡೆಗಳಿರಬೇಕೆಂಬುದು ಅರಣ್ಯಕಾಂಡದ 15ನೆಯ ಅಧ್ಯಾಯದ ವಿಧಿ. ನ್ಯೂಯಾರ್ಕ್ ನಗರದಲ್ಲಿ ಅದನ್ನು ಕೊಳ್ಳುವವನಿಗೆ ಅನ್ವಯಿಸುವ ತೆರಿಗೆಯ ಕಾನೂನಾದರೋ ಗೊಂಡೆಗಳನ್ನು ನೋಡುವುದಿಲ್ಲ, ಬೆಲೆಯನ್ನು ನೋಡುತ್ತದೆ.

ಅಲ್ಲಿ 110 ಡಾಲರಿಗೆ ಕಡಮೆಯಾದ ಉಡುಪಿಗೆ ತೆರಿಗೆಯಿಲ್ಲ. 110 ಮುಟ್ಟಿತೆಂದರೆ ಪೂರ್ಣ ಬೆಲೆಯ ಮೇಲೆ ನೂರಕ್ಕೆ 8.875ರಂತೆ ತೆರಬೇಕು. 109 ಡಾಲರಿನ ಟಾಲಿತ್ತಿಗೆ ಏನೂ ಇಲ್ಲ. 110ರದಕ್ಕೆ 9 ಡಾಲರ್ 76 ಸೆಂಟ್! ಕೊರಳಂಚಿಗೆ ಬೆಳ್ಳಿಯ ಪಟ್ಟಿ ಬಯಸುವ ಭಕ್ತನು ಈ ಗಡಿಯನ್ನು ಸುಲಭವಾಗಿ ದಾಟುತ್ತಾನೆ. ಹಸೀದ ಪಂಥದವರ ತುಪ್ಪುಳುಟೋಪಿಯಾದ ಷ್ಟ್ರೈಮೆಲ್ಲಿನ ಬೆಲೆ ಸಾವಿರಾರು ಡಾಲರು; ವಿನಾಯಿತಿಯ ಮಾತೇ ಇಲ್ಲ. ಮ್ಯಾಸಚೂಸೆಟ್ಸಿನಲ್ಲಿ 175 ಡಾಲರನ್ನು ಮೀರಿದ ಭಾಗಕ್ಕೆ ಮಾತ್ರ ತೆರಿಗೆ. ಇದೇ ಹೆಚ್ಚು ನ್ಯಾಯವೆನ್ನಬೇಕು.

ಧಾರ್ಮಿಕ ವಸ್ತ್ರವೆಂಬ ಕಾರಣದಿಂದಲೇ ವಿನಾಯಿತಿ ಕೊಡಬಾರದೆ? ಟೆಕ್ಸಾಸ್ ಸಂಸ್ಥಾನವು ಮತಪ್ರಚಾರದ ನಿಯತಕಾಲಿಕಗಳಿಗಷ್ಟೇ ಇಂತಹ ವಿನಾಯಿತಿಯನ್ನಿತ್ತಿತ್ತು. ಸರ್ಕಾರವು ಧರ್ಮದ ಪಕ್ಷ ವಹಿಸಿದಂತಾಯಿತೆಂದು ಅಮೆರಿಕದ ಸುಪ್ರೀಂ ಕೋರ್ಟು 1989ರಲ್ಲಿ ಅದನ್ನು ತಳ್ಳಿಹಾಕಿತು. ಅಂಗಿಗೆ ದೊರೆಯುವ ರಿಯಾಯಿತಿಯೇ ಟಾಲಿತ್ತಿಗೂ ದೊರೆಯುವಾಗ ಆ ಆಕ್ಷೇಪಣೆಗೆ ಎಡೆಯಿಲ್ಲ.

ತೊಡಕಿರುವುದು ಟೆಫಿಲಿನ್‌ನಲ್ಲಿ. ಶಾಸ್ತ್ರವಾಕ್ಯಗಳನ್ನು ಅಡಕಮಾಡಿದ ಈ ಚರ್ಮದ ಪೆಟ್ಟಿಗೆಗಳನ್ನು ತೋಳಿಗೂ ಹಣೆಗೂ ಪಟ್ಟಿಯಿಂದ ಬಿಗಿಯುತ್ತಾರೆ. ಮೈಮೇಲೆ ಧರಿಸುವುದೇನೋ ನಿಜ, ಉಡುಪೆನ್ನುವುದು ಕಷ್ಟ. ಆದರೆ ಶಾಸ್ತ್ರೋಕ್ತವಾಗಿ ಸಿದ್ಧಪಡಿಸಿದ ಜೋಡಿಗೆ ಸಾಮಾನ್ಯವಾಗಿ ನೂರಾರು ಡಾಲರು ಬೀಳುವುದರಿಂದ ನ್ಯೂಯಾರ್ಕಿನಲ್ಲಿ ಈ ವಾದದಿಂದ ಕೊಳ್ಳುವವನಿಗೆ ಲಾಭವೇನೂ ಇಲ್ಲ.